ಬಿತ್ತಿದ ಮೇಲೆ ಬರುವ ಹುಕುಂ



ಮಳೆ ಕೈಕೊಟ್ಟರೆ ನಾವು ಯಾರನ್ನೂ ಬೈಯುವ ಹಾಗಿಲ್ಲ. ಹುಳ ಬಿದ್ದರೆ ಔಷಧ ಹೊಡೆಯುತ್ತೇವೆ, ಅದಕ್ಕೂ ಬಗ್ಗದಿದ್ದರೆ ಹಣೆಬರಹ ಅಂತೀವಿ. ಪರದೇಶದಲ್ಲಿ ಬೆಳೆ ಹೆಚ್ಚಾಗಿ ನಮ್ಮ ಹತ್ತಿಗೆ ದರ ಬಿದ್ದರೆ ಅದು ಪೇಟೆಯ ಆಟ, ಈ ವರ್ಷ ಬಿದ್ದದ್ದು ಬರುವ ವರ್ಷ ಎದ್ದೀತು ಎಂದು ಹಲ್ಲು ಕಚ್ಚಿ ಕೂಡುತ್ತೇವೆ. ಆದರೆ ಕೂರಿಗೆ ಹೂಡಿ, ಎಡೆ ಹೊಡೆದು, ಗೊಬ್ಬರ ಹಾಕಿ, ಇನ್ನೇನು ಮಾಲು ಕೈಗೆ ಬಂತು ಎನ್ನುವಾಗ ದಿಲ್ಲಿಯಿಂದ ಒಂದು ಕಾಗದ ಹೊರಟು ಗದಗಿನ ಪೇಟೆಯ ದರ ಮುರಿದುಹಾಕಿದರೆ ಅದಕ್ಕೆ ಏನೆನ್ನಬೇಕು? ಅದು ಮಳೆಯಲ್ಲ, ಹುಳವಲ್ಲ, ಹಣೆಬರಹವೂ ಅಲ್ಲ. ಅದು ಸರ್ಕಾರದ ಕೈಬರಹ.

ನಾನು ಅಸುಂಡಿಯಲ್ಲಿ ಕೂತು ಹೇಳುವ ಮಾತು ಇಷ್ಟೇ. ನಮ್ಮ ಸಾಲದ ದೊಡ್ಡ ಬೇರು ನಮ್ಮ ಒಣ ಬೇಸಾಯದಲ್ಲಿಲ್ಲ, ನಮ್ಮ ಮದುವೆ ಮುಂಜಿಯ ಖರ್ಚಿನಲ್ಲೂ ಇಲ್ಲ. ಬಿತ್ತಿದ ಮೇಲೆ ಬರುವ ಈ ಹುಕುಂಗಳಲ್ಲಿದೆ. ಬಾಯಿಮಾತಿನಲ್ಲಿ ಹೇಳುವುದಿಲ್ಲ, ತಾರೀಖು ಹಚ್ಚಿ ಹೇಳುತ್ತೇನೆ. ನೀವು ನಿಮ್ಮ ನಿಮ್ಮ ಅಡತಿ ಅಂಗಡಿಯ ಪಟ್ಟಿಗಳನ್ನು ತೆಗೆದು ತಾಳೆ ನೋಡಿರಿ.

ಈ ಪೇಟೆಯನ್ನು ಕಟ್ಟಿದವರು ಯಾರು?

ಮೊದಲು ಒಂದು ಮಾತು ನೆನಪಿರಲಿ. ಗದಗಿನ ಪೇಟೆ ಯಾವ ಮಂತ್ರಿಯೂ ಕೊಟ್ಟ ದಾನವಲ್ಲ. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋಯಿತು. ಆಗ ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಕಾಣದ ದರ ಬಂತು. ಯುದ್ಧ ಮುಗಿಯಿತು, ದರ ಬಿತ್ತು. ನಮ್ಮ ಹಿರಿಯರು ಪೆಟ್ಟು ತಿಂದರು, ಆದರೆ ಹತ್ತಿ ಬಿಡಲಿಲ್ಲ. 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಹತ್ತಿ ಅರೆಯುವ ಗಿರಣಿ, ಅಂಡಿಗೆ ಕಟ್ಟುವ ಪ್ರೆಸ್ಸು ಎದ್ದವು. ಬೆಟಗೇರಿಯಲ್ಲಿ ಮಗ್ಗ ಆಡಿದವು.

ನಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ಜನರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. 1904ರ ಕಾಯಿದೆ ಬಂದ ಮೇಲೆ ದೇಶದಲ್ಲೇ ಮೊದಲು ಕಟ್ಟಿದ ಸಂಘ ಅದು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ರೈತರು ತಾವೇ ಹೂಡಿದ ಉಪಾಯ. ಬೆಳೆಯುವುದು ಗೊತ್ತು, ಮಾರುವುದು ಗೊತ್ತು, ಸಾಲ ಕೊಟ್ಟು ತೀರಿಸಿಕೊಳ್ಳುವುದೂ ಗೊತ್ತು ಎಂದು ನೂರಿಪ್ಪತ್ತು ವರ್ಷದ ಹಿಂದೆಯೇ ತೋರಿಸಿದ ಸೀಮೆ ಇದು. ಇಂಥ ಸೀಮೆಯ ರೈತ ಇವತ್ತು ಬ್ಯಾಂಕಿನ ನೋಟೀಸು ಕೈಯಲ್ಲಿ ಹಿಡಿದು ನಿಂತಿದ್ದಾನೆ ಎಂದರೆ ಅವನಿಗೆ ಬುದ್ಧಿ ಕಡಿಮೆಯಾಯಿತೇ? ಇಲ್ಲ. ಅವನು ಕಟ್ಟಿದ ಪೇಟೆಯ ಬಾಗಿಲ ಕೀಲಿ ಬೇರೆಯವರ ಕೈಗೆ ಹೋಯಿತು.

ಉಳ್ಳಾಗಡ್ಡಿಯ ಪಂಚಾಂಗ

ನಮ್ಮದು ಮುಂಗಾರಿ ಉಳ್ಳಾಗಡ್ಡಿ. ನೀರಿನಂಶ ಹೆಚ್ಚು. ನಾಸಿಕದ ಬೇಸಿಗೆ ಗಡ್ಡೆಯ ಹಾಗೆ ತಿಂಗಳುಗಟ್ಟಲೆ ತಡೆಯುವುದಿಲ್ಲ. ಕಿತ್ತ ಮೇಲೆ ಮಾರಬೇಕು, ಇಲ್ಲವೇ ಬದುವಿಗೆ ಚೆಲ್ಲಬೇಕು. ಸೆಪ್ಟೆಂಬರಿನಿಂದ ಡಿಸೆಂಬರಿನ ತನಕ ನಮ್ಮ ಮಾಲು ಪೇಟೆಗೆ ಬರುತ್ತದೆ. ಈಗ ದಿಲ್ಲಿಯ ಹುಕುಂಗಳ ತಾರೀಖು ನೋಡಿರಿ.

2019ರ ಸೆಪ್ಟೆಂಬರ್ 29. ನವರಾತ್ರಿಯ ಮೊದಲ ದಿನ, ನಾವು ಮನೆಯಲ್ಲಿ ಘಟ ಸ್ಥಾಪನೆ ಮಾಡುವ ಹೊತ್ತಿಗೆ ಉಳ್ಳಾಗಡ್ಡಿ ರಫ್ತು ಬಂದ್. ಮರುವರ್ಷ, 2020ರ ಸೆಪ್ಟೆಂಬರ್ 14, ಮತ್ತೆ ಬಂದ್. 2023ರ ಆಗಸ್ಟ್ 19ರಂದು ರಫ್ತಿನ ಮೇಲೆ 100ಕ್ಕೆ 40ರ ಸುಂಕ. ಅದೂ ಸಾಲದೆಂದು ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರಿಗಿಂತ ಕಡಿಮೆಗೆ ಹೊರಗೆ ಮಾರಕೂಡದೆಂಬ ಕಟ್ಟಳೆ. ಅದೂ ಸಾಲದೆಂದು ಡಿಸೆಂಬರ್ 8ರಂದು ಪೂರ್ತಿ ನಿಷೇಧ. ಎಲ್ಲವೂ ನಮ್ಮ ಗಡ್ಡೆ ನೆಲದಲ್ಲಿರುವಾಗ, ಇಲ್ಲವೇ ಗಾಡಿಯಲ್ಲಿರುವಾಗ.

ಆ 2023 ಎಂಥ ವರ್ಷ? ಬರಗಾಲದ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಸರ್ಕಾರವೇ ಸಾರಿತ್ತು. ಹತ್ತು ಚೀಲ ಬರುವಲ್ಲಿ ಮೂರು ಚೀಲ ಬಂದವನಿಗೆ ಇದ್ದ ಒಂದೇ ಸಮಾಧಾನ ದರ. ಅದನ್ನೂ ಕಸಿದುಕೊಂಡರು. ನಿಷೇಧ ತೆಗೆದದ್ದು ಯಾವಾಗ? 2024ರ ಮೇ 4ರಂದು. ನಮ್ಮ ಕಡೆ ಲೋಕಸಭೆಗೆ ಮತದಾನ ಇದ್ದದ್ದು ಮೇ 7ರಂದು. ಅಷ್ಟು ಹೊತ್ತಿಗೆ ನಮ್ಮ ಮುಂಗಾರಿ ಗಡ್ಡೆ ಮಾರಿ ಹೋಗಿತ್ತು, ಇಲ್ಲಾ ಕೊಳೆತು ಹೋಗಿತ್ತು. ಹೊಲದಲ್ಲಿ ಉಳಿದಿದ್ದದ್ದು ಓಟು ಮಾತ್ರ.

"ನಮ್ಮ ಗಡ್ಡಿ ಎಲ್ಲಿ ಪರದೇಶಕ್ಕ ಹೋಗ್ತದ್ರೀ? ಬೆಂಗಳೂರಿಗೆ ಹೋಗ್ತದ, ಭಾಳಂದ್ರ ಮದ್ರಾಸಿಗೆ" ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಸರಿ. ಆದರೆ ಬಂದರಿಗೆ ಹೋಗುವ ನಾಸಿಕದ ಮಾಲಿಗೆ ದಾರಿ ಕಟ್ಟಿದರೆ ಅದು ಸುಮ್ಮನೆ ಕೂಡುತ್ತದೆಯೇ? ಅದೇ ಲಾರಿ ಬೆಂಗಳೂರಿನ ಯಶವಂತಪುರಕ್ಕೆ ಬಂದು ನಮ್ಮ ಚೀಲದ ಪಕ್ಕದಲ್ಲೇ ನಿಲ್ಲುತ್ತದೆ. ಬಂದರಿನ ಬಾಗಿಲು ಹಾಕಿದರೆ ಅಸುಂಡಿಯ ಹೊಲದ ದರ ಬೀಳುವುದು ಹೀಗೆ.

ಇನ್ನು ದರ ಬಿದ್ದ ವರ್ಷದ ಕಥೆ ಕೇಳಿ. 2022ರ ನವೆಂಬರಿನಲ್ಲಿ ನಮ್ಮ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಗಡ್ಡೆಯನ್ನು ಯಶವಂತಪುರಕ್ಕೆ ಒಯ್ದರು. ಕ್ವಿಂಟಾಲಿಗೆ 200 ರೂಪಾಯಿಯಂತೆ 410 ರೂಪಾಯಿ ಆಯಿತು. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ ಕಳೆದು ಅವರ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಪಟ್ಟಿ ದೇಶದ ತುಂಬ ಪತ್ರಿಕೆಗಳಲ್ಲಿ ಬಂತು. ನಾಲ್ಕು ದಿನ ಎಲ್ಲರೂ ಅಯ್ಯೋ ಎಂದರು. ದರ ಏರಿದಾಗ ಮಧ್ಯರಾತ್ರಿ ಎದ್ದು ಕಾಗದ ಬರೆಯುವ ಸರ್ಕಾರ ಆಗ ಯಾವ ಕಾಗದ ಬರೆಯಿತು? ಬೆಂಬಲ ಬೆಲೆಯ ಪಟ್ಟಿಯಲ್ಲಿ ಉಳ್ಳಾಗಡ್ಡಿಯ ಹೆಸರೇ ಇಲ್ಲ. ಏರಿದಾಗ ಅದು ದೇಶದ ಸೊತ್ತು, ಬಿದ್ದಾಗ ರೈತನ ಹೆಣ.

ಕೊಳ್ಳುವವನೂ ನೋಡುತ್ತಿರುತ್ತಾನೆ. 2019ರ ಅಕ್ಟೋಬರಿನಲ್ಲಿ ದಿಲ್ಲಿಗೆ ಬಂದಿದ್ದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ತುಂಬಿದ ಸಭೆಯಲ್ಲೇ ಈ ಮಾತು ಎತ್ತಿದರು. ಉಳ್ಳಾಗಡ್ಡಿ ನಿಲ್ಲಿಸುವುದಾದರೆ ಮೊದಲೇ ತಿಳಿಸಬೇಕಿತ್ತು, ಅಡುಗೆಯವನಿಗೆ ಉಳ್ಳಾಗಡ್ಡಿ ಹಾಕಬೇಡ ಎಂದು ಹೇಳಿ ಬಂದಿದ್ದೇನೆ ಎಂದು ನಗುತ್ತಲೇ ಚುಚ್ಚಿದರು. ನಕ್ಕು ಹೋದ ಗಿರಾಕಿ ಸುಮ್ಮನೆ ಕೂಡಲಿಲ್ಲ. ಪಾಕಿಸ್ತಾನ, ಚೀನಾಗಳಿಂದಲೂ ಮಾಲು ತರಿಸಿಕೊಂಡರು, ತಮ್ಮ ರೈತರಿಗೆ ಹೆಚ್ಚು ಬೆಳೆಯಿರಿ ಎಂದರು. ಅಂಗಡಿಯ ಬಾಗಿಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಗೊತ್ತಿಲ್ಲದಿದ್ದರೆ ನೀವಾದರೂ ಆ ಅಂಗಡಿಗೆ ಹೋಗುತ್ತೀರಾ?

ಕಡ್ಲಿ ಹೂವಿನಲ್ಲಿದ್ದಾಗ, ಹತ್ತಿ ಕಾಯಿ ಕಟ್ಟುವಾಗ

ಉಳ್ಳಾಗಡ್ಡಿ ಕೊಳೆಯುವ ಮಾಲು, ಅದರ ಮಾತು ಬೇರೆ ಎನ್ನಬಹುದು. ಹಾಗಾದರೆ ಕಡ್ಲಿ ನೋಡಿ. ಎರಿ ಹೊಲದವರು ಹಿಂಗಾರಿ ಕಡ್ಲಿ ಬಿತ್ತುವುದು ಅಕ್ಟೋಬರಿನಲ್ಲಿ. 2017ರ ನವೆಂಬರಿನಿಂದ ಹಳದಿ ಬಟಾಣಿಯ ಆಮದಿಗೆ 100ಕ್ಕೆ 50ರ ಸುಂಕ ಇತ್ತು. ಅದನ್ನು ನಂಬಿ ಬಿತ್ತಿದೆವು. 2023ರ ಡಿಸೆಂಬರಿನಲ್ಲಿ, ಉಳ್ಳಾಗಡ್ಡಿ ರಫ್ತಿಗೆ ಬೀಗ ಬಿದ್ದ ಅದೇ ವಾರ, ಆ ಬಟಾಣಿಯ ಸುಂಕ ಪೂರ್ತಿ ತೆಗೆದರು. ಕೆನಡಾ, ರಷ್ಯಾಗಳಿಂದ ಹಡಗು ಹೊರಟವು. ಹಳದಿ ಬಟಾಣಿ ಅಂದರೆ ಏನೋ ಎಂದುಕೊಳ್ಳಬೇಡಿ. ಕಡ್ಲಿ ಬ್ಯಾಳಿಗೂ ಕಡ್ಲಿ ಹಿಟ್ಟಿಗೂ ಅದನ್ನೇ ಬೆರೆಸುತ್ತಾರೆ. ಎಳ್ಳ ಅಮಾಸಿಗೆ ನಾವು ಚರಗ ಚೆಲ್ಲಲು ಹೋದಾಗ ಹೊಲದಲ್ಲಿ ಕಡ್ಲಿ ನಳನಳಿಸುತ್ತಿತ್ತು, ಅದರ ದರ ಮಾತ್ರ ಬಂದರಿನಲ್ಲಿ ಆಗಲೇ ಕುಯ್ದು ಹೋಗಿತ್ತು.

ನಾಲ್ಕು ತಿಂಗಳ ಮಟ್ಟಿಗೆ ಎಂದು ಕೊಟ್ಟ ಆ ಸವಲತ್ತನ್ನು ಎಳೆದು ಎಳೆದು 2025ರ ಅಕ್ಟೋಬರಿನ ತನಕ ತಂದರು. ನವೆಂಬರ್ 1ರಿಂದ 100ಕ್ಕೆ 30ರ ಸುಂಕ ಹಾಕಿದರು. ನಡುವೆ, ಯುಗಾದಿ ಕಳೆದ ಮೇಲೆ ದರ ಬಂದೀತು ಎಂದು ಕಾದವರ ಬಾಯಿಗೂ ಮಣ್ಣು ಬಿತ್ತು. 2024ರ ಮೇ ತಿಂಗಳಲ್ಲಿ ಕಡ್ಲಿ ಆಮದಿನ ಸುಂಕವೇ ಹೋಯಿತು. ಜೂನಿನಲ್ಲಿ ವ್ಯಾಪಾರಿ ಇಷ್ಟೇ ಕಡ್ಲಿ, ಇಷ್ಟೇ ತೊಗರಿ ದಾಸ್ತಾನು ಇಡಬೇಕೆಂಬ ಕಟ್ಟಳೆ ಬಂತು. ವ್ಯಾಪಾರಿಯ ಕೈ ಕಟ್ಟಿದರೆ ಶಿಕ್ಷೆ ವ್ಯಾಪಾರಿಗೆ ಎಂದು ಪೇಟೆಯ ಜನ ಚಪ್ಪಾಳೆ ಹೊಡೆಯುತ್ತಾರೆ. ಕೈ ಕಟ್ಟಿದವನು ನಮ್ಮ ಚೀಲ ಹೇಗೆ ಎತ್ತಬೇಕು?

ಇನ್ನು ಹತ್ತಿ. 2021ರಿಂದ ಪರದೇಶದ ಹತ್ತಿಗೆ ಒಟ್ಟು 100ಕ್ಕೆ 11ರ ಸುಂಕ ಇತ್ತು. 2025ರ ಆಗಸ್ಟ್ 19ರಂದು ಅದನ್ನು ತೆಗೆದರು. ಮೊದಲು ಸೆಪ್ಟೆಂಬರ್ ಕೊನೆಯ ತನಕ ಎಂದರು. ಗಣೇಶ ಚೌತಿಯ ಮರುದಿನ, ಆಗಸ್ಟ್ 28ರಂದು, ಡಿಸೆಂಬರ್ 31ರ ತನಕ ಎಂದರು. ಡಿಸೆಂಬರ್ ತನಕ ಅಂದರೆ ನಮ್ಮ ಹತ್ತಿ ಬಿಡಿಸುವ ಕಾಲವನ್ನು ಅಳತೆ ಮಾಡಿ ಕೊಟ್ಟ ಹಾಗಾಯಿತು. ಕಾರಣ ಏನು? ಅಮೆರಿಕೆಯವರು ನಮ್ಮ ಬಟ್ಟೆಯ ಮೇಲೆ ಭಾರೀ ಸುಂಕ ಹೇರಿದರು, ಗಿರಣಿಗಳಿಗೆ ಪೆಟ್ಟು ಬಿತ್ತು. ಗಿರಣಿ ಉಳಿಯಬೇಕು, ನಾವು ಬೇಡ ಅನ್ನುವುದಿಲ್ಲ. ಗಿರಣಿ ಇಲ್ಲದೆ ಹತ್ತಿ ಯಾರಿಗೆ ಮಾರುವುದು? ಆದರೆ ಅಮೆರಿಕೆ ಹೊಡೆದದ್ದು ಗಿರಣಿಗೆ, ಗಾಯಕ್ಕೆ ಪಟ್ಟಿ ಕಟ್ಟಲು ಹರಿದದ್ದು ರೈತನ ಧೋತರ. ಗಿರಣಿಗೆ ಸಹಾಯ ಬೇಕಿದ್ದರೆ ಖಜಾನೆಯಿಂದ ಕೊಡಬೇಕಾಗಿತ್ತು.

"ಬೆಂಬಲ ಬೆಲೆ ಇದೆಯಲ್ಲ?" ಎನ್ನುತ್ತಾರೆ ಸಾಹೇಬರು. ಇದೆ. 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಾಲಿಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ. ಅದನ್ನು ಪಡೆಯಲು ಮೊಬೈಲಿನಲ್ಲಿ 'ಕಪಾಸ್ ಕಿಸಾನ್' ಆ್ಯಪಿನೊಳಗೆ ಹೆಸರು ಹಚ್ಚಬೇಕು, ಸರದಿ ಕಾಯಬೇಕು, ತೇವ 100ಕ್ಕೆ 12 ದಾಟಿದರೆ ಹೊತ್ತ ಅಂಡಿಗೆ ಹೊತ್ತ ಹಾಗೇ ಮನೆಗೆ ತರಬೇಕು. ಸೊಸೈಟಿಯ ಕಂತು ಮಾತ್ರ ಯಾವ ತೇವವನ್ನೂ ನೋಡುವುದಿಲ್ಲ, ಹೇಳಿದ ದಿನಕ್ಕೆ ಬಂದು ನಿಲ್ಲುತ್ತದೆ.

ಇದು ಒಂದೇ ಪಕ್ಷದ ಪಾಪ ಎಂದು ತಿಳಿಯಬೇಡಿ. 2010ರ ಏಪ್ರಿಲಿನಲ್ಲಿ ಹತ್ತಿ ರಫ್ತು ತಡೆದರು, 2012ರ ಮಾರ್ಚ್ 5ರಂದು ಮತ್ತೆ ನಿಷೇಧ ಹಾಕಿದರು. ಆಗ ದಿಲ್ಲಿಯಲ್ಲಿ ಬೇರೆ ಪಕ್ಷ ಕೂತಿತ್ತು. ಕುರ್ಚಿಯ ಮೇಲಿನ ಟೊಪ್ಪಿಗೆ ಬದಲಾಗುತ್ತದೆ, ಕುರ್ಚಿಯ ಬುದ್ಧಿ ಬದಲಾಗುವುದಿಲ್ಲ.

ಕುಸುಬಿ ಎಲ್ಲಿ ಹೋಯಿತು?

ಹೀಗೆ ಮಾಡುತ್ತ ಹೋದರೆ ಕೊನೆಗೆ ಏನಾಗುತ್ತದೆ? ಮುಂದಿನದು ಊಹಿಸಬೇಕಿಲ್ಲ, ಹಿಂದಿನದು ನೋಡಿದರೆ ಸಾಕು. ನಮ್ಮ ಕಡೆ ಜೋಳದ ಹೊಲದಲ್ಲಿ ಕುಸುಬಿಯ ಸಾಲು, ಮುಂಗಾರಿಗೆ ಶೇಂಗಾ, ಊರಿಗೊಂದು ಗಾಣ ಇದ್ದ ಕಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳಿಗೆಂದು ಒಂದು ಮಿಷನ್ ಹೂಡಿತು. ಬೀಜ ಕೊಟ್ಟಿತು, ದರಕ್ಕೆ ಆಸರೆ ಕೊಟ್ಟಿತು. ರೈತರು ಬೆಳೆದು ತೋರಿಸಿದರು. 1990ರ ದಶಕದ ಮೊದಲಲ್ಲಿ ದೇಶ ತನ್ನ ಅಡುಗೆ ಎಣ್ಣೆಯನ್ನು ಹೆಚ್ಚುಕಡಿಮೆ ತಾನೇ ಬೆಳೆದುಕೊಳ್ಳುವ ಸ್ಥಿತಿಗೆ ಬಂತು.

ಬಂದ ಕೂಡಲೇ ಏನು ಮಾಡಿದರು? 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದನ್ನು 100ಕ್ಕೆ 65ರ ಸುಂಕದ ಮೇಲೆ ಮುಕ್ತ ಮಾಡಿದರು. ಆ ಸುಂಕವನ್ನು ಇಳಿಸುತ್ತ 1998ರ ಹೊತ್ತಿಗೆ 15ಕ್ಕೆ ತಂದರು. ಮಲೇಶಿಯಾ, ಇಂಡೋನೇಶಿಯಾದ ಎಣ್ಣೆ ಹಳ್ಳಿಯ ಕಿರಾಣಿ ಅಂಗಡಿಯ ತನಕ ಹರಿದು ಬಂತು. ಇವತ್ತು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶದ್ದು. ಗಾಣ ನಿಂತಿತು, ಕುಸುಬಿ ಸಾಲು ಕಾಣೆಯಾಯಿತು. ಪ್ರತಿ ವರ್ಷ ಮಂತ್ರಿಗಳು ಎಣ್ಣೆಯಲ್ಲಿ ಸ್ವಾವಲಂಬನೆ ಸಾಧಿಸಬೇಕು ಎಂದು ಭಾಷಣ ಮಾಡುತ್ತಾರೆ. 2025ರ ಮೇ 30ರಂದು, ರೋಹಿಣಿ ಮಳೆ ನಡೆದಿರುವಾಗ, ಶೇಂಗಾ ಬೀಜ ಕೊಂಡು ತಂದಿಟ್ಟವನು ಮುಗಿಲು ನೋಡುತ್ತಿರುವಾಗ, ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು 20ರಿಂದ 10ಕ್ಕೆ ಇಳಿಸಿದರು. ಭಾಷಣ ಒಂದು ಕಡೆ, ಕಾಗದ ಇನ್ನೊಂದು ಕಡೆ.

ಚೆನ್ನಾಗಿ ನಡೆಯುವ ಪೇಟೆಯನ್ನು ಕೊಲ್ಲಲು ಫಿರಂಗಿ ಬೇಕಿಲ್ಲ. ನಾಳೆ ಏನು ಎಂಬ ನಂಬಿಕೆಯನ್ನು ತೆಗೆದರೆ ಸಾಕು. ಬೆಳೆಯುವವನು ಬೆಳೆಯುವುದು ಬಿಡುತ್ತಾನೆ, ಕೊಳ್ಳುವವನು ಕೊಳ್ಳುವುದು ಬಿಡುತ್ತಾನೆ, ಗಿರಣಿಯವನು ಗಿರಣಿ ಮಾರಿ ಪ್ಲಾಟು ಹಾಕುತ್ತಾನೆ.

ಯಾಕೆ ಹೀಗೆ?

ಇದರ ಹಿಂದೆ ಒಂದು ಲೆಕ್ಕವಿದೆ. ಬೆಲೆ ಏರಿಕೆಯನ್ನು ಅಳೆಯಲು ಸರ್ಕಾರದ ಹತ್ತಿರ ಒಂದು ಸೂಚ್ಯಂಕ ಇದೆ. 2012ನ್ನು ಆಧಾರವಾಗಿಟ್ಟ ಸೂಚ್ಯಂಕದಲ್ಲಿ 100ರಲ್ಲಿ ಸುಮಾರು 46 ಪಾಲು ತಿನ್ನುವ ಕುಡಿಯುವ ಪದಾರ್ಥಗಳದ್ದೇ ಆಗಿತ್ತು. 2016ರಿಂದ ರಿಸರ್ವ್ ಬ್ಯಾಂಕಿಗೆ ಬೆಲೆ ಏರಿಕೆ 100ಕ್ಕೆ 4ರ ಸುತ್ತ ಇರಬೇಕೆಂಬ ಗುರಿ ಕಟ್ಟಿದ್ದಾರೆ. ಡೀಸೆಲ್ ದರ, ಆಸ್ಪತ್ರೆ ಬಿಲ್ಲು, ಸಾಲೆಯ ಫೀ ಇಳಿಸುವುದು ಕಷ್ಟ. ಉಳ್ಳಾಗಡ್ಡಿ, ಬ್ಯಾಳಿ, ಎಣ್ಣೆ ಇಳಿಸುವುದು ಸುಲಭ, ಒಂದು ಸಹಿ ಸಾಕು. 1998ರಲ್ಲಿ ದಿಲ್ಲಿ ರಾಜ್ಯದ ಸರ್ಕಾರ ಉಳ್ಳಾಗಡ್ಡಿ ತುಟ್ಟಿಯಾಗಿ ಬಿತ್ತು ಎಂಬ ಹೆದರಿಕೆ ಎಲ್ಲ ಪಕ್ಷಗಳ ತಲೆಯಲ್ಲಿ ಇನ್ನೂ ಕೂತಿದೆ. ರೈತನಿಗೆ ದರ ಬಿದ್ದು ಯಾವ ಸರ್ಕಾರ ಬಿತ್ತು, ಹೇಳಿ? ನಾವು ಓಟು ಹಾಕುವಾಗ ಜಾತಿ ನೋಡುತ್ತೇವೆ, ಪಟ್ಟಿ ನೋಡುವುದಿಲ್ಲ. ಅವರಿಗೆ ಇದು ಗೊತ್ತು.

"ಬಡವರು ಉಳ್ಳಾಗಡ್ಡಿ ತಿನ್ನಬಾರದೇನು?" ಎಂದು ಕೇಳುವವರಿಗೆ ನೆಟ್ಟಗೆ ಉತ್ತರ ಕೊಡಬೇಕು. ತಿನ್ನಬೇಕು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಣ್ಣುಮಗಳೂ ಸಂತೆಯಲ್ಲಿ ಕೊಂಡೇ ತಿನ್ನುತ್ತಾಳೆ, ಅವಳಿಗೆ ತುಟ್ಟಿ ಆಗಬಾರದು. ಅವಳಿಗೆ ಅಕ್ಕಿ ಕೊಡುವ ರೇಷನ್ ಅಂಗಡಿಯಲ್ಲಿ ಉಳ್ಳಾಗಡ್ಡಿ, ಬ್ಯಾಳಿ, ಎಣ್ಣೆ ಕೊಡಲಿ. ಪೇಟೆ ದರಕ್ಕೆ ಕೊಂಡು ಕೊಡಲಿ. ಆ ವೆಚ್ಚವನ್ನು ಇಡೀ ದೇಶದ ಖಜಾನೆ ಹೊರಲಿ. ಬಡವರ ಹೆಸರು ಹೇಳಿ ಬೆಂಗಳೂರಿನ ದೊಡ್ಡ ಹೋಟೆಲಿನ ಗಿರಾಕಿಗೂ ಅಗ್ಗದ ಉಳ್ಳಾಗಡ್ಡಿ ತಿನ್ನಿಸಿ, ಅದರ ಬಿಲ್ಲನ್ನು ಮೂರೆಕರೆಯವನ ಮೇಲೆ ಹಾಕುವುದು ಯಾವ ನ್ಯಾಯ? ನಮಗೆ ದರ ಬಿದ್ದ ವರ್ಷ ಅದೇ ಹೆಣ್ಣುಮಗಳ ಕೂಲಿಯೂ ಬೀಳುತ್ತದೆ ಎಂಬುದನ್ನು ಮರೆಯಬೇಡಿ.

ಸಾಲಗಾರ ಯಾರು?

"ನಿಮಗೆ ಗೊಬ್ಬರಕ್ಕೆ ಸಬ್ಸಿಡಿ, ಕರೆಂಟಿಗೆ ಸಬ್ಸಿಡಿ, ಸಾಲ ಮನ್ನಾ" ಎಂದು ಹಂಗಿಸುವವರು ಇದ್ದಾರೆ. ಇದರ ಉತ್ತರವೂ ರೈತ ಸಂಘದ್ದಲ್ಲ, ಶ್ರೀಮಂತ ದೇಶಗಳ ಒಇಸಿಡಿ ಸಂಘಟನೆಯೂ ದಿಲ್ಲಿಯ ಇಕ್ರಿಯರ್ ಸಂಸ್ಥೆಯೂ ಕೂಡಿ 2018ರಲ್ಲಿ ಹೊರತಂದ ವರದಿಯದು. 2000-01ರಿಂದ 2016-17ರ ವರೆಗಿನ ಲೆಕ್ಕ ಹಾಕಿದರು. ಕೊಟ್ಟ ಸಬ್ಸಿಡಿಯನ್ನೆಲ್ಲ ಒಂದು ತಟ್ಟೆಯಲ್ಲಿ, ರಫ್ತು ತಡೆ ಮೊದಲಾದ ಕಟ್ಟಳೆಗಳಿಂದ ರೈತನಿಗೆ ತಪ್ಪಿದ ದರವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದರು. ತೂಗಿದಾಗ, ರೈತರ ಒಟ್ಟು ಉತ್ಪತ್ತಿಯ 100 ರೂಪಾಯಿಗೆ ಸರಾಸರಿ ಸುಮಾರು 14 ರೂಪಾಯಿ ಅವರ ಕೈ ತಪ್ಪಿತ್ತು. ಕೊಟ್ಟದ್ದಕ್ಕಿಂತ ಕಸಿದದ್ದು ಹೆಚ್ಚು.

ಈಗ ಹೇಳಿ, ಸಾಲಗಾರ ಯಾರು? ಕ್ವಿಂಟಾಲಿಗೆ ಬರಬೇಕಾದದ್ದನ್ನು ಒಂದು ಸಹಿಯಿಂದ ಕಳೆದು, ಆ ಕೊರತೆ ತುಂಬಲು ನಮಗೇ ಸಾಲ ಕೊಟ್ಟು, ಅದಕ್ಕೆ ಬಡ್ಡಿ ಹಾಕಿ, ತೀರಿಸದಿದ್ದರೆ ನೋಟೀಸು ಕಳಿಸಿ, ಚುನಾವಣೆ ಬಂದಾಗ ಅದರಲ್ಲಿ ಒಂದು ಪಾಲು ಮನ್ನಾ ಮಾಡಿ ಹಾರ ಹಾಕಿಸಿಕೊಳ್ಳುತ್ತಾರೆ. 2008ರಲ್ಲಿ ಮನ್ನಾ ಆಯಿತು, 2017ರಲ್ಲಿ ಆಯಿತು, 2018ರಲ್ಲಿ ಆಯಿತು. ಸಾಲ ಮುಗಿಯಿತೇ? ತೂತು ಮುಚ್ಚದೆ ಕೊಡ ತುಂಬಿಸಿದರೆ ಎಷ್ಟು ಹೊತ್ತು ನಿಲ್ಲುತ್ತದೆ?

1980ರ ಜುಲೈ 21ರಂದು ನಮ್ಮ ನೆರೆಯ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದದ್ದು ಇಂಥದೇ ಲೆಕ್ಕದ ಮೇಲೆ. ಮಲಪ್ರಭೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಚೀಟಿ ಮನೆ ಮುಟ್ಟಿತ್ತು. ಅತ್ತ ಹತ್ತಿಗೆ ದರ ಬಿದ್ದಿತ್ತು. ಗೋಲಿಬಾರಿನಲ್ಲಿ ರೈತರು ಪ್ರಾಣ ಬಿಟ್ಟರು. ಆ ದಿನವನ್ನು ಪ್ರತಿ ವರ್ಷ ಹುತಾತ್ಮ ದಿನವೆಂದು ಆಚರಿಸಿ, ಕಲ್ಲಿಗೆ ಹೂವೇರಿಸಿ ಮನೆಗೆ ಬರುತ್ತೇವೆ. ಹೂವಿನ ಜೊತೆಗೆ ಲೆಕ್ಕವನ್ನೂ ಒಯ್ಯಬೇಕು.

ಕೇಳಬೇಕಾದದ್ದು ಮೂರೇ

ಒಂದು. ಯಾವ ಬೆಳೆಗೆ ಎಷ್ಟು ಆಮದು ಸುಂಕ, ರಫ್ತಿಗೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಮುಂಗಾರಿಗೆ ಜೂನ್ 1ರ ಒಳಗೆ, ಹಿಂಗಾರಿಗೆ ಅಕ್ಟೋಬರ್ 1ರ ಒಳಗೆ ಸಾರಬೇಕು. ಆ ಹಂಗಾಮಿನ ಮಾಲು ಪೇಟೆಯಿಂದ ಖಾಲಿಯಾಗುವ ತನಕ ಅದನ್ನು ಮುಟ್ಟಕೂಡದು. ಬೇಡವಾದ ಬೆಳೆಯನ್ನು ಬಿತ್ತುವ ಮೊದಲೇ ಹೇಳಿದರೆ ನಾವು ಬೇರೆ ಬಿತ್ತುತ್ತೇವೆ.

ಎರಡು. ನಡುವೆ ಬದಲಾಯಿಸಲೇಬೇಕಾದ ಆಪತ್ತು ಬಂದರೆ, ಹುಕುಂ ಬರುವ ಹಿಂದಿನ ತಿಂಗಳ ನಮ್ಮ ಎಪಿಎಂಸಿಯ ಸರಾಸರಿ ದರಕ್ಕೂ ನಂತರದ ದರಕ್ಕೂ ಇರುವ ವ್ಯತ್ಯಾಸವನ್ನು ಸರ್ಕಾರ ರೈತನ ಬೆಳೆಸಾಲದ ಖಾತೆಗೆ ಜಮಾ ಮಾಡಬೇಕು. ಅದು ಪರಿಹಾರವಲ್ಲ, ಬಾಕಿ.

ಮೂರು. ಹಾಗೆ ಜಮಾ ಮಾಡುವ ತನಕ ಆ ಹಂಗಾಮಿನ ಆ ಬೆಳೆಸಾಲಕ್ಕೆ ಬಡ್ಡಿ ನಿಲ್ಲಬೇಕು, ನೋಟೀಸು ಬರಕೂಡದು.

ಇದು ಭಿಕ್ಷೆಯಲ್ಲ. ಹೆಚ್ಚಿನ ದರ ಕೊಡಿ ಎಂದೂ ಅಲ್ಲ. ಪೇಟೆ ಕೊಡುವ ದರಕ್ಕೆ ಅಡ್ಡ ಬರಬೇಡಿ, ಬಂದರೆ ದಂಡ ಕಟ್ಟಿ ಎನ್ನುವುದಷ್ಟೇ. ಬೇರೆಯವರ ಹೊಲದಲ್ಲಿ ದನ ಬಿಟ್ಟವನಿಗೆ ಊರಲ್ಲಿ ಇರುವ ಕಾಯಿದೆ ಇದೇ ಅಲ್ಲವೇ?

ನೀವು ಮಾಡಬೇಕಾದ ಕೆಲಸವೂ ಇದೆ. ಮಾಲು ಮಾರಿದ ಪಟ್ಟಿಯನ್ನು ಕಿಸೆಯಲ್ಲಿ ಮುದ್ದೆ ಮಾಡಿ ಒಗೆಯಬೇಡಿರಿ. ತಾರೀಖು, ತೂಕ, ದರ, ಬಾಡಿಗೆ, ಹಮಾಲಿ ಕಾಣುವ ಹಾಗೆ ಒಂದು ದಾರಕ್ಕೆ ಪೋಣಿಸಿ ಗೂಟಕ್ಕೆ ತೂಗಹಾಕಿರಿ. ಪ್ರತಿ ಊರಲ್ಲಿ ಗುಡಿಯ ಕಟ್ಟೆಯ ಹತ್ತಿರ ಒಂದು ಹಲಗೆ ನಿಲ್ಲಿಸಿ, ದಿಲ್ಲಿಯ ಹುಕುಂ ಬಂದ ದಿನ, ಅದರ ಹಿಂದಿನ ದರ, ಮುಂದಿನ ದರ ಬರೆಯಿರಿ. ಅಸುಂಡಿಯ ಹಲಗೆ, ಮುಳಗುಂದದ ಹಲಗೆ, ಲಕ್ಷ್ಮೇಶ್ವರದ ಹಲಗೆ, ಶಿರಹಟ್ಟಿ, ಮುಂಡರಗಿಯ ಹಲಗೆ ಎಲ್ಲ ಕೂಡಿದರೆ ಅದು ಜಿಲ್ಲೆಯ ಲೆಕ್ಕದ ಪುಸ್ತಕವಾಗುತ್ತದೆ. ಗ್ರಾಮಸಭೆಯಲ್ಲಿ ಮೇಲಿನ ಮೂರು ಮಾತಿನ ಠರಾವು ಮಾಡಿ ಕಳಿಸಿರಿ. ಓಟು ಕೇಳಲು ಬಂದವನನ್ನು ಯಾವ ಪಕ್ಷ, ಯಾವ ಜಾತಿ ಎಂದು ಕೇಳುವ ಮೊದಲು ಆ ಹಲಗೆಯ ಮುಂದೆ ನಿಲ್ಲಿಸಿ ಓದಿಸಿರಿ.

ವಸೂಲಿಗೆ ಬಂದ ಸಾಹೇಬನಿಗೂ ಕುರ್ಚಿ ಹಾಕಿ, ನೀರು ಕೊಟ್ಟು, ಅದೇ ಹಲಗೆ ತೋರಿಸಿರಿ. "ನಮ್ಮ ಕಡೆಯಿಂದ ಬರಬೇಕಾದದ್ದು ಇಷ್ಟು, ನಮಗೆ ಬರಬೇಕಾದದ್ದು ಇಷ್ಟು. ಮೊದಲು ವಜಾ ಹಾಕ್ರಿ, ಆಮೇಲೆ ಮಾತಾಡೂಣು" ಎನ್ನಿರಿ. ಲೆಕ್ಕ ಕೇಳುವ ರೈತನಿಗೆ ಉತ್ತರ ಕೊಡದೆ ದಾಟಿ ಹೋಗುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.